ಮೋಟಾರಿಗೆ ಜ್ವರ ಬಂದಾಗ

ಜ್ವರವೆಂಬುದು ರೋಗವಲ್ಲ, ರೋಗದ ಲಕ್ಷಣ. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ ಮಾತ್ರಕ್ಕೆ ಒಳಗಿನ ರೋಗ ಹೋಗದೆಂಬುದು ನಿಮಗೆಲ್ಲ ತಿಳಿದ ಮಾತೇ. ಹಳೆಯ ಮೋಟಾರು ಕಾರಿನ ವಿಷಯವೂ ಹೀಗೆಯೇ. ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಂದು ಹಳೆಯ ಅಂಬಾಸಿಡರ್, ನೂರು ಕಿಲೋಮೀಟರು ದಾಟಿ, ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ಬಳಿ ಮೂತಿಯಿಂದ ಹಬೆ ಕಾರುತ್ತ ನಿಂತಿತೆನ್ನಿ. ಒಬ್ಬರು ಬಿಂದಿಗೆಯಲ್ಲಿ ತಣ್ಣೀರು ತರುತ್ತಾರೆ. ಇನ್ನೊಬ್ಬರು "ಮೊದಲು ಮುಚ್ಚಳ ತೆಗೆಯಿರಿ ಸ್ವಾಮಿ" ಎನ್ನುತ್ತಾರೆ. ಇಬ್ಬರ ಉದ್ದೇಶವೂ ಒಳ್ಳೆಯದೇ. ಆದರೆ ಮೊದಲನೆಯವರ ನೀರು ಇಂಜಿನ್ನನ್ನು ಸೀಳಬಹುದು. ಎರಡನೆಯವರ ಸಲಹೆ ನಿಮ್ಮ ಮುಖವನ್ನೇ ಸುಡಬಹುದು. ಆದುದರಿಂದ ಈ ಜ್ವರದ ಮೂಲವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಗಾಡಿಯನ್ನು ಎಳೆಯಲು ಒದಗುವುದು ಸುಮಾರು ಕಾಲು ಭಾಗ ಮಾತ್ರ. ಉಳಿದುದರಲ್ಲಿ ಒಂದು ಪಾಲು ಹೊಗೆಯ ಕೊಳವೆಯಿಂದ ಹೊರಟುಹೋಗುತ್ತದೆ. ಮತ್ತೊಂದು ಪಾಲನ್ನು ನೀರು ಹೊತ್ತು ಹೊರಹಾಕಬೇಕು. ಪಂಪು ಈ ನೀರನ್ನು ಸಿಲಿಂಡರುಗಳ ಸುತ್ತ ಓಡಿಸುತ್ತದೆ. ಅದು ಮೇಲಿನ ರಬ್ಬರು ಕೊಳವೆಯ ಮೂಲಕ ರೇಡಿಯೇಟರಿಗೆ ಬಂದು, ಸಣ್ಣ ನಳಿಗೆಗಳಲ್ಲಿ ಇಳಿದು, ಗಾಳಿಗೆ ತಣಿದು, ಕೆಳಗಿನ ಕೊಳವೆಯಿಂದ ಮರಳಿ ಇಂಜಿನ್ನನ್ನು ಸೇರುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲುಂಟು. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡಿದ್ದು, ನೀರು ಸುಮಾರು 80 ಡಿಗ್ರಿ ಕಾದ ಮೇಲೆ ತೆರೆದುಕೊಳ್ಳುತ್ತದೆ.

ಇನ್ನು ರೇಡಿಯೇಟರಿನ ಮುಚ್ಚಳ. ಅದು ಬರಿಯ ಮುಚ್ಚಳವಲ್ಲ, ಒತ್ತಡವನ್ನು ಹಿಡಿದಿಡುವ ಕವಾಟ. ಶ್ರೀರಂಗಪಟ್ಟಣ ಸಮುದ್ರಮಟ್ಟದಿಂದ ಸುಮಾರು 680 ಮೀಟರು ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ಚದರ ಅಂಗುಲಕ್ಕೆ 7 ಪೌಂಡು ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಅದೇ ನೀರು ಸುಮಾರು 110 ಡಿಗ್ರಿಯವರೆಗೂ ಕುದಿಯದೆ ಇರಬಲ್ಲುದು. ಮುಚ್ಚಳದ ರಬ್ಬರು ಸವೆದಿದ್ದರೆ ಈ ಲಾಭ ತಪ್ಪಿ, ಆರೋಗ್ಯವಾಗಿರುವ ಇಂಜಿನ್ನೂ ಕುದಿಯತೊಡಗುತ್ತದೆ. ಹಾಗೆಯೇ 105 ಡಿಗ್ರಿಯ ನೀರಿರುವಾಗ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು, ನೀರು ಅರೆಕ್ಷಣದಲ್ಲಿ ಹಬೆಯಾಗಿ ಮೇಲಕ್ಕೆ ಚಿಮ್ಮುತ್ತದೆ. ಅಡುಗೆಮನೆಯಲ್ಲಿ ಪ್ರೆಷರ್ ಕುಕ್ಕರನ್ನು ಆರಿಸಿ, ಹಬೆ ಇಳಿಯುವವರೆಗೆ ಕಾಯುವ ಗೃಹಿಣಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಪರೀಕ್ಷೆಗೆ ಬರೋಣ. ನೀವು ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ: ಗಾಡಿ ಕಾಯುವುದು ಯಾವಾಗ?

ಊರೊಳಗಿನ ಸಂದಣಿಯಲ್ಲಿ ನಿಂತಾಗ ಮುಳ್ಳು ಏರಿ, ಬಯಲಿನಲ್ಲಿ ಓಡಿದಾಗ ಇಳಿದರೆ ದೋಷ ಫ್ಯಾನಿನದು. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಅದನ್ನು ಸೆಳೆಯಬೇಕು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಗಾಡಿಗಳಲ್ಲಿ ಫ್ಯಾನನ್ನು ಬೆಲ್ಟು ತಿರುಗಿಸುತ್ತದೆ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿನೋಡಿ. ಅದು ಅರ್ಧ ಅಂಗುಲಕ್ಕಿಂತ ಬಹಳ ಹೆಚ್ಚು ಬಗ್ಗಿದರೆ ಜಾರುತ್ತಿದೆಯೆಂದು ತಿಳಿಯಿರಿ. 1983ರಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ ಫ್ಯಾನು ವಿದ್ಯುತ್ತಿನದು. ಇಂಜಿನ್ ಕಾದರೂ ಅದು ತಿರುಗದಿದ್ದರೆ ಫ್ಯೂಸು, ತಂತಿ, ಶಾಖದ ಸ್ವಿಚ್ಚು, ಮೋಟಾರು ಈ ನಾಲ್ಕರಲ್ಲಿ ಒಂದು ಕೆಟ್ಟಿದೆ.

ನಿಧಾನವಾಗಿ ಹೋದಾಗ ಸರಿಯಾಗಿದ್ದು, ವೇಗ ಹೆಚ್ಚಿದಂತೆ ಅಥವಾ ಘಾಟಿ ಏರುವಾಗ ಕಾದರೆ ನೀರಿನ ಹರಿವು ಸಾಲದೆಂದು ಅರ್ಥ. ಇಂಥ ಗಾಡಿ ಮೈಸೂರಿನವರೆಗೆ ಸುಮ್ಮನಿದ್ದು, ಮಸಿನಗುಡಿ ದಾಟಿ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ತನ್ನ ಗುಟ್ಟನ್ನು ರಟ್ಟು ಮಾಡುತ್ತದೆ. ಇದಕ್ಕೆ ಸಾಮಾನ್ಯ ಕಾರಣ ರೇಡಿಯೇಟರಿನ ಒಳಗೆ ಕಟ್ಟಿದ ಸುಣ್ಣದ ಗಾರು. ಬಚ್ಚಲ ಹಂಡೆಯಲ್ಲಿ ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಬಿಳಿಯ ಹಕ್ಕಳೆ ಕಟ್ಟುವುದನ್ನು ನೀವು ಕಂಡಿದ್ದೀರಷ್ಟೆ. ಅದೇ ಹಕ್ಕಳೆ ರೇಡಿಯೇಟರಿನ ಕಿರುನಳಿಗೆಗಳಲ್ಲಿ ಕಟ್ಟಿದರೆ ದಾರಿಯೇ ಮುಚ್ಚುತ್ತದೆ. ಗಾಡಿ ಓಡಿಸಿ ಬಂದು, ಇಂಜಿನ್ ನಿಲ್ಲಿಸಿ, ರೇಡಿಯೇಟರಿನ ಮೈಯನ್ನು ಎಚ್ಚರದಿಂದ ಮುಟ್ಟಿನೋಡಿ. ಸುತ್ತಲೂ ಬಿಸಿಯಿದ್ದು ನಡುವೆ ಅಲ್ಲಲ್ಲಿ ತಣ್ಣಗಿದ್ದರೆ ಆ ಭಾಗದ ನಳಿಗೆಗಳು ಕಟ್ಟಿಕೊಂಡಿವೆ. ಹಳೆಯ ಹಿತ್ತಾಳೆ-ತಾಮ್ರದ ರೇಡಿಯೇಟರನ್ನು ಬಿಚ್ಚಿ, ನಳಿಗೆಗಳಿಗೆ ಸಲಾಕೆ ಹಾಯಿಸಿ ಶುದ್ಧಮಾಡಿಕೊಡುವ ಕೆಲಸಗಾರರು ಈಗಲೂ ಇದ್ದಾರೆ.

ಹೊರಗಿನ ಕಸವನ್ನೂ ಮರೆಯಬಾರದು. ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆ ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದುಂಟು. ಅದರ ಹೊಟ್ಟು ರೇಡಿಯೇಟರಿನ ಮುಖಕ್ಕೆ ಅಂಟಿ ಗಾಳಿಯನ್ನು ತಡೆಯುತ್ತದೆ. ಹುರುಳಿಯ ಬಳ್ಳಿಯಂತೂ ಗಾಡಿಯ ಅಡಿಯಲ್ಲಿ ಸುತ್ತಿಕೊಂಡು, ಕೆಂಪಗೆ ಕಾದ ಹೊಗೆಕೊಳವೆಗೆ ತಗುಲಿ ಹೊತ್ತಿಕೊಳ್ಳಬಹುದು. ಸುಟ್ಟ ಸೊಪ್ಪಿನ ವಾಸನೆ ಬಂದೊಡನೆ ಗಾಡಿ ನಿಲ್ಲಿಸಿ, ಮೊದಲು ಒಳಗಿರುವವರನ್ನೆಲ್ಲ ಕೆಳಗಿಳಿಸಿ; ಕಾರಣವನ್ನು ಆಮೇಲೆ ಹುಡುಕಿ.

ಹೊರಟ ಹತ್ತು ನಿಮಿಷದಲ್ಲೇ ಇಂಜಿನ್ ವಿಪರೀತ ಕಾದು, ಮೇಲಿನ ಕೊಳವೆ ಮಾತ್ರ ತಣ್ಣಗೇ ಉಳಿದರೆ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ, ಇಲ್ಲವೆ ನೀರಿನ ಪಂಪು ಕೆಲಸ ಮಾಡುತ್ತಿಲ್ಲ. ಥರ್ಮೋಸ್ಟಾಟನ್ನು ಬಿಚ್ಚಿ ಒಲೆಯ ಮೇಲಿನ ಪಾತ್ರೆಯ ನೀರಿನಲ್ಲಿ ದಾರಕಟ್ಟಿ ಇಳಿಬಿಡಿ. ನೀರು ಕುದಿಯುವ ಮುನ್ನ ಅದು ತೆರೆಯಬೇಕು. ತೆರೆಯದಿದ್ದರೆ ಹೊಸದನ್ನು ಹಾಕಿಸಿ. "ನಮ್ಮ ಹವೆಗೆ ಇದು ಬೇಡ" ಎಂದು ಅದನ್ನು ತೆಗೆದೇಬಿಡುವ ರೂಢಿ ಸರಿಯಲ್ಲ. ಆಗ ಇಂಜಿನ್ ಬೇಕಾದಷ್ಟು ಬೆಚ್ಚಗಾಗದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಇನ್ನೊಂದು ಸುಳಿವು: ಶಾಖದ ಮುಳ್ಳು ಏರುವುದರ ಜೊತೆಗೆ ಬ್ಯಾಟರಿಯ ಕೆಂಪು ದೀಪವೂ ಹತ್ತಿದರೆ ಬೆಲ್ಟು ಹರಿದಿರುವ ಸಂಭವವೇ ಹೆಚ್ಚು. ಮೇಲೆ ಹೆಸರಿಸಿದ ಮೂರು ಗಾಡಿಗಳಲ್ಲಿಯೂ ನೀರಿನ ಪಂಪನ್ನೂ ವಿದ್ಯುತ್ತು ಹುಟ್ಟಿಸುವ ಯಂತ್ರವನ್ನೂ ತಿರುಗಿಸುವುದು ಒಂದೇ ಬೆಲ್ಟು.

ಎರಡನೆಯ ಪ್ರಶ್ನೆ: ನೀರು ಕಡಿಮೆಯಾಗುತ್ತಿದೆಯೆ? ಆಗುತ್ತಿದ್ದರೆ ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿಡಿ. ಬೆಳಗ್ಗೆ ಒದ್ದೆಯಾದ ಜಾಗದ ನೇರ ಮೇಲೆ ಸೋರಿಕೆಯಿದೆ. ಕೊಳವೆಯ ಕ್ಲಿಪ್ಪು, ಪಂಪಿನ ಕೆಳಗಿನ ಸಣ್ಣ ರಂಧ್ರ, ರೇಡಿಯೇಟರಿನ ಬೆಸುಗೆ ಇವು ಮುಖ್ಯ ಸ್ಥಳಗಳು. ಪತ್ರಿಕೆ ಒಣಗಿಯೇ ಇದ್ದು ನೀರು ಮಾತ್ರ ಮಾಯವಾಗುತ್ತಿದ್ದರೆ ಚಿಂತಿಸಬೇಕಾದ ವಿಷಯ. ಹೆಡ್ಡು ಮತ್ತು ಬ್ಲಾಕಿನ ನಡುವಣ ಗ್ಯಾಸ್ಕೆಟ್ ಒಡೆದು ನೀರು ಸಿಲಿಂಡರಿಗೆ ಹೋಗುತ್ತಿರಬಹುದು. ಇಂಜಿನ್ ಬಿಸಿಯಾದ ಮೇಲೂ ಬಿಡದ ಬಿಳಿಯ ಹೊಗೆ, ಆಯಿಲ್ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆತ ಕಾಫಿಯಂಥ ನೊರೆ, ತಣ್ಣಗಿದ್ದ ಇಂಜಿನ್ನನ್ನು ಮುಚ್ಚಳ ತೆಗೆದು ಶುರುಮಾಡಿದಾಗ ರೇಡಿಯೇಟರಿನಲ್ಲಿ ಎಡೆಬಿಡದೆ ಏಳುವ ಗುಳ್ಳೆಗಳು, ಇವುಗಳಲ್ಲಿ ಎರಡು ಕಂಡರೂ ಗಾಡಿಯನ್ನು ಮುಂದೆ ಓಡಿಸಬೇಡಿ. ಅಂಬಾಸಿಡರಿನ ಹಳೆಯ ಪೆಟ್ರೋಲ್ ಇಂಜಿನ್ನಿನ ಹೆಡ್ಡು ಬೀಡುಕಬ್ಬಿಣದ್ದು, ಸ್ವಲ್ಪ ತಾಳಿಕೊಂಡೀತು. ಪದ್ಮಿನಿ ಮತ್ತು ಮಾರುತಿಗಳದು ಅಲ್ಯೂಮಿನಿಯಂ. ಒಮ್ಮೆ ಚೆನ್ನಾಗಿ ಕಾದರೆ ಸೊಟ್ಟಗಾಗುತ್ತದೆ. ಒಂದು ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯುತ್ತಿದ್ದುದು ಆಗ ಇಡೀ ಇಂಜಿನ್ನಿನ ಖರ್ಚಾಗುತ್ತದೆ.

ನೀರೂ ಸರಿ, ಫ್ಯಾನೂ ಸರಿ, ಆದರೂ ಕಾಯುತ್ತದೆಯೆಂದರೆ ನೀರಿನ ವ್ಯವಸ್ಥೆಯಿಂದ ಆಚೆಗೆ ನೋಡಬೇಕು. ಕಿಡಿ ಹಾರುವ ಹೊತ್ತು ತಡವಾಗಿದ್ದರೆ ಶಾಖ ಕೆಲಸಕ್ಕೆ ಒದಗದೆ ಗೋಡೆಗಳನ್ನು ಕಾಯಿಸುತ್ತದೆ. ಬ್ರೇಕು ಹಿಡಿದುಕೊಂಡಿದ್ದರೆ ಇಂಜಿನ್ ಸದಾ ಏರು ಹತ್ತುವವನಂತೆ ದುಡಿಯಬೇಕಾಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೂ ಬಿಸಿ ಏರುತ್ತದೆ. 2025ರ ವೇಳೆಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿ ಕೈಗೂಡಿತು. ಮಂಡ್ಯದ ಬಯಲಿನ ಕಬ್ಬಿನಂಥ ಬೆಳೆಯಿಂದಲೇ ಬರುವ ಈ ಎಥನಾಲ್ ತನ್ನಲ್ಲೇ ಆಮ್ಲಜನಕವನ್ನು ಹೊಂದಿದೆ. ಆದ್ದರಿಂದ ಹಿಂದಿನ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರು ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಅದು ಕೆಡಿಸಬಹುದು. ಇವೆರಡನ್ನೂ ಮೆಕ್ಯಾನಿಕ್ಕಿಗೆ ತೋರಿಸಿಕೊಳ್ಳುವುದು ಒಳಿತು.

ಕಡುಬೇಸಗೆಯಲ್ಲಿ ರೇಡಿಯೇಟರು ಕುದಿಯದೆಯೇ ಇಂಜಿನ್ ಕೆಮ್ಮಿ ನಿಲ್ಲುವುದೂ ಉಂಟು. ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ ದಾರಿಗೆ ಅಡ್ಡ ನಿಂತಿದೆ, ಅಷ್ಟೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ನೆರಳಿನಲ್ಲಿ ಕಾದರೆ ಗಾಡಿ ಮತ್ತೆ ಹೊರಡುತ್ತದೆ. ಒದ್ದೆ ಬಟ್ಟೆಯಿಂದ ವಾಸಿಯಾಗುವ ಜ್ವರ ಇದೊಂದೇ.

ಕುದಿದು ನಿಂತ ಗಾಡಿಗೆ ದಾರಿಯಲ್ಲಿ ಮಾಡಬೇಕಾದುದಿಷ್ಟು. ಇಂಜಿನ್ ಆರಿಸಿ, ಬಾನೆಟ್ಟು ಎತ್ತಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಮೇಲಿನ ಕೊಳವೆಯನ್ನು ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆ, ದಪ್ಪ ಬಟ್ಟೆ ಮುಚ್ಚಿ, ಮುಖ ಹಿಂದಿಟ್ಟು, ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ. ಹಬೆಯ ಸದ್ದು ಅಡಗಿದ ಮೇಲೆ ಪೂರ್ತಿ ತೆರೆಯಿರಿ. ಇಂಜಿನ್ನನ್ನು ಶುರುಮಾಡಿ, ಅದು ನಿಧಾನವಾಗಿ ತಿರುಗುತ್ತಿರುವಾಗಲೇ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಹೊರಮೈಗೆ ನೀರು ಎರಚಬೇಡಿ.

ಊರಿಗೆ ಮರಳಿದ ಮೇಲೆ ಶುದ್ಧೀಕರಿಸಿದ ನೀರು ಮತ್ತು ಕೂಲೆಂಟನ್ನು ಸಮಪಾಲು ಬೆರೆಸಿ ತುಂಬಿಸಿ. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಆದರೆ ಸಾಮಾನ್ಯವಾಗಿ ಸಿಗುವ ಕೂಲೆಂಟು ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗದಂತಿಡಿ. ಗಾಡಿಯಲ್ಲಿ ಒಂದು ಬೆಲ್ಟು, ಎರಡು ಕ್ಲಿಪ್ಪು, ಐದು ಲೀಟರು ನೀರು ಸದಾ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಮುಳ್ಳು ಕೆಂಪು ಗೆರೆಗೆ ಬಂದಾಗ "ಇನ್ನೇನು ಪಟ್ಟಣ ಬಂತು, ನಾಲ್ಕು ಕಿಲೋಮೀಟರು ತಾನೆ" ಎನ್ನಬೇಡಿ. ಹಳೆಯ ಗಾಡಿಗಳು ಹಾಳಾಗುವುದು ಬಹುಮಟ್ಟಿಗೆ ಆ ಕೊನೆಯ ನಾಲ್ಕು ಕಿಲೋಮೀಟರಿನಲ್ಲೇ.