ವಿಹಾರನೌಕೆಗಳ ಋತುಮಾನ: ಯಾವ ಕಡಲು ಯಾವಾಗ ಶಾಂತ?

ನೇತ್ರಾವತಿ ದಂಡೆಯ ಪಾಣೆಮಂಗಳೂರು ಹಾಗೂ ಬಂಟ್ವಾಳ ಪೇಟೆಗಳು ಒಂದು ಕಾಲದಲ್ಲಿ ದೋಣಿ ವ್ಯಾಪಾರವನ್ನು ನೆಚ್ಚಿಕೊಂಡಿದ್ದವು. ಘಟ್ಟದ ಕಡೆಯ ಸರಕು ಇಲ್ಲಿ ದೋಣಿಯೇರಿ ಮಂಗಳೂರಿನ ಬಂದರವನ್ನು ಸೇರುತ್ತಿತ್ತು. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಪೇಟೆಯ ಲೇವಾದೇವಿಯೂ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ರಸ್ತೆಯ ಲಾರಿಗೆ ಈ ಲೆಕ್ಕ ಬೇಕಿಲ್ಲ. ಆದರೆ ಮಂಗಳೂರಿಗೆ ಬರುವ ವಿಹಾರನೌಕೆಯ ಪ್ರವಾಸಿಗರನ್ನು ನಂಬಿ ಗೋಡಂಬಿ, ಮಸಾಲೆ, ಕರಕುಶಲ ವಸ್ತುಗಳನ್ನು ದಾಸ್ತಾನು ಮಾಡುವವರಿಗೆ ಅದು ಮತ್ತೆ ಬೇಕಾಗಿದೆ.

ಪಣಂಬೂರಿನ ನವಮಂಗಳೂರು ಬಂದರಿಗೆ ವಿಹಾರನೌಕೆಗಳು ಬರುವುದು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ವರೆಗೆ. ಬೆಳಿಗ್ಗೆ ತಂಗಿದ ನೌಕೆ ಬಹುತೇಕ ಅಂದೇ ಸಂಜೆ ಹೊರಡುತ್ತದೆ. ಅಷ್ಟರೊಳಗೆ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೋಡಂಬಿ ಕಾರ್ಖಾನೆಗಳನ್ನು ನೋಡಿ, ಕೊಳ್ಳುವುದನ್ನೂ ಮುಗಿಸಬೇಕು. ಕೋವಿಡ್‌ನಿಂದ 2020ರಲ್ಲಿ ನಿಂತ ಈ ಸಂಚಾರ, 2022ರ ನವೆಂಬರ್‌ನಲ್ಲಿ ‘ಯುರೋಪಾ 2’ ನೌಕೆಯ ಆಗಮನದೊಂದಿಗೆ ಪುನರಾರಂಭವಾಯಿತು.

ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬೀ ಸಮುದ್ರದ ಸ್ಥಿತಿಯೇ ಬೇರೆ. ಆಫ್ರಿಕದ ಪೂರ್ವ ಕರಾವಳಿಯಿಂದ ಬೀಸಿಬರುವ ನೈಋತ್ಯ ಮಾರುತ ಸಾವಿರಾರು ಕಿ.ಮೀ. ತೆರೆದ ನೀರಿನ ಮೇಲೆ ಅಲೆಗಳನ್ನು ಬೆಳೆಸುತ್ತ ತರುತ್ತದೆ. ಶಾಂತ ಋತುವಿನಲ್ಲಿ ನಮ್ಮ ತೀರದ ಅಲೆಯ ಎತ್ತರ ಸಾಮಾನ್ಯವಾಗಿ ಒಂದೂವರೆ ಮೀಟರಿನೊಳಗಿದ್ದರೆ, ಮಳೆಗಾಲದಲ್ಲಿ ಮೂರು-ನಾಲ್ಕು ಮೀಟರಿಗೇರುತ್ತದೆ. ಇದೇ ತಿಂಗಳುಗಳಲ್ಲಿ ಯುರೋಪಿನ ಭೂಮಧ್ಯ ಸಮುದ್ರದಲ್ಲಿ ಬೇಸಿಗೆಯ ಭರಾಟೆ. ಗ್ರೀಸಿನ ಸುತ್ತ ಜುಲೈ-ಆಗಸ್ಟ್‌ನಲ್ಲಿ ಬೀಸುವ ಉತ್ತರದ ‘ಮೆಲ್ಟೆಮಿ’ ಗಾಳಿಯ ಕಾಟವಿದ್ದರೂ ನೌಕೆಗಳಿಗೆ ಅಲ್ಲೇ ಲಾಭ.

ಚಳಿಗಾಲದಲ್ಲಿ ಅವು ಬಿಸಿಲನ್ನು ಹುಡುಕಿ ದಕ್ಷಿಣಕ್ಕಿಳಿಯುತ್ತವೆ. ಆಗ ನಮ್ಮ ಕಡಲು ಶಾಂತವೆಂಬುದು ನಿಜ. ಆದರೆ ಶಾಂತ ಕಡಲು ನಮ್ಮೊಬ್ಬರದೇ ಸೊತ್ತಲ್ಲ. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಅವಧಿ ಮುಗಿದು, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮುಖ್ಯ ಋತು. ದುಬೈ ಕಡೆಯ ಕೊಲ್ಲಿಯಲ್ಲೂ ಅದೇ ಸಮಯ ಹಿತಕರ; ‘ಶಮಾಲ್’ ಎಂಬ ವಾಯವ್ಯ ಗಾಳಿ ಮಾತ್ರ ಆಗಾಗ ಕೆಲವು ದಿನ ನೀರನ್ನು ಕದಡುತ್ತದೆ. ಸಿಂಗಪುರ ಸಮಭಾಜಕವೃತ್ತಕ್ಕೆ ತೀರ ಸಮೀಪವಿರುವುದರಿಂದ ಅಲ್ಲಿ ಚಂಡಮಾರುತ ಬಲು ಅಪರೂಪ, ಮಲಕ್ಕಾ ಜಲಸಂಧಿಯೂ ಆಸರೆಯ ನೀರು. ಆದ್ದರಿಂದ ಮಂಗಳೂರಿನ ಪೈಪೋಟಿ ಗೋವಾ, ಕೊಚ್ಚಿಗಳೊಂದಿಗೆ ಮಾತ್ರವೆಂದು ಭಾವಿಸುವುದು ಸರಿಯಲ್ಲ. ಹವೆಯಲ್ಲದ ಕಾರಣವೂ ಇದೆ: 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದ ನಂತರ ಹಲವು ಕಂಪನಿಗಳು ಸೂಯೆಜ್ ಮಾರ್ಗದ ಯಾನಗಳನ್ನೇ ಬದಲಿಸಿದವು.

ಬಂಗಾಳ ಕೊಲ್ಲಿಯ ಚೆನ್ನೈ-ಶ್ರೀಲಂಕಾ ಮಾರ್ಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಂಬಲರ್ಹವಲ್ಲ. ಈಶಾನ್ಯ ಮಾರುತದ ಮಳೆ ಮತ್ತು ಚಂಡಮಾರುತ ಎರಡೂ ಆಗಲೇ. ನಮ್ಮ ಕಡೆಗೆ ಈ ಭಯ ಮಳೆಗಾಲದ ಹಿಂದುಮುಂದಿನ ತಿಂಗಳುಗಳಲ್ಲಿ. 2017ರ ಡಿಸೆಂಬರ್ ಆರಂಭದಲ್ಲಿ ‘ಓಖಿ’ ಲಕ್ಷದ್ವೀಪವನ್ನು ಹಾದುಹೋಯಿತು. 2021ರ ಮೇ ಮಧ್ಯದಲ್ಲಿ ‘ತೌಕ್ತೆ’ ಕರ್ನಾಟಕ ಕರಾವಳಿಯ ಪಕ್ಕದಲ್ಲೇ ಸಾಗಿ ಗುಜರಾತಿಗೆ ಅಪ್ಪಳಿಸಿತು. ಮೇ ತಿಂಗಳ ನೌಕೆಯನ್ನು ನಂಬಿ ದೊಡ್ಡ ದಾಸ್ತಾನು ಮಾಡುವುದು ಜಾಣತನವಲ್ಲ.

ಲಕ್ಷದ್ವೀಪದ ಮಾರ್ಗವನ್ನು ಪ್ರತ್ಯೇಕವಾಗಿಯೇ ನೋಡಬೇಕು. ದೊಡ್ಡ ನೌಕೆ ಅಲ್ಲಿನ ಹವಳದ ದಿಬ್ಬಗಳ ಹೊರಗೆ ನಿಂತು, ಪ್ರವಾಸಿಗರನ್ನು ಸಣ್ಣ ದೋಣಿಗಳಲ್ಲಿ ಇಳಿಸಬೇಕಾಗುತ್ತದೆ. ನೌಕೆಗೆ ಲೆಕ್ಕಕ್ಕಿಲ್ಲದ ಅಲೆ ದೋಣಿಗೆ ಅಪಾಯ. ಆಕಾಶ ತಿಳಿಯಾಗಿದ್ದರೂ ಇಳಿಯುವುದು ರದ್ದಾಗಬಹುದು. ಪಣಂಬೂರಿನಲ್ಲಿ ಅಲೆತಡೆ ಗೋಡೆಗಳ ಒಳಗೆ ನೌಕೆ ನೇರವಾಗಿ ಧಕ್ಕೆಗೆ ಬಂದು ನಿಲ್ಲುತ್ತದೆ. ಇದು ನಮ್ಮ ಬಂದರಿನ ದೊಡ್ಡ ಅನುಕೂಲ. ದ್ವೀಪಗಳಿಗೆ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿ ಒಯ್ಯುವ ಹಳೆಬಂದರಿನ ಮಂಜಿಗಳೂ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ದಡದಲ್ಲೇ ಉಳಿಯುತ್ತವೆ.

ನಮ್ಮ ಮಟ್ಟಿಗೆ ಡಿಸೆಂಬರ್ ಮಧ್ಯದಿಂದ ಮಾರ್ಚ್‌ವರೆಗಿನ ಅವಧಿಯೇ ಹೆಚ್ಚು ಭರವಸೆಯದು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಅಲೆಯ ಎತ್ತರ, ಗಾಳಿಯ ವೇಗಗಳ ಮುನ್ಸೂಚನೆಯನ್ನು ಉಚಿತವಾಗಿ ಪ್ರಕಟಿಸುತ್ತದೆ. ಮೀನುಗಾರರು ಅದನ್ನು ಬಳಸುತ್ತಾರೆ. ಅಂಗಡಿಯವರೂ ನೌಕೆಯ ವೇಳಾಪಟ್ಟಿಯ ಜೊತೆಗೆ ಅದನ್ನು ನೋಡಿ, ಬೇಗ ಕೆಡುವ ಸರಕಿಗೆ ಕೊನೆಯ ಎರಡು-ಮೂರು ದಿನಗಳಲ್ಲಿ ಬೇಡಿಕೆ ಸಲ್ಲಿಸಬಹುದು.