ಎಂಟು ಶತಮಾನ ಬಾಳಿದ ಮರದ ಚರ್ಚು

ಮಳೆಗಾಲ ಮುಗಿದೊಡನೆ ಮನೆ, ಕೊಟ್ಟಿಗೆ, ಗೋದಾಮುಗಳ ಮರಮಟ್ಟನ್ನು ಒಮ್ಮೆ ನೋಡಿಕೊಳ್ಳುವುದು ಬೆಳೆಗಾರರ ರೂಢಿ. ಯಾವ ಕಂಬದ ಬುಡ ಕುಂಬಾಗಿದೆ, ಯಾವ ಪಕಾಸಿ ಬದಲಿಸಬೇಕು ಎಂಬ ಲೆಕ್ಕ ಆಗ ಶುರುವಾಗುತ್ತದೆ. ಮಣ್ಣು ತಗುಲಿದ ಮರ ಎಷ್ಟು ಬೇಗ ಹಾಳಾಗುತ್ತದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೀಗಿರುವಾಗ, ಪೂರ್ತಿ ಮರದಿಂದ ಕಟ್ಟಿದ ಚರ್ಚೊಂದು ಎಂಟುನೂರು ವರ್ಷಗಳಿಂದ ನಿಂತಿದೆ ಎಂದರೆ ಅದರ ಗುಟ್ಟು ತಿಳಿಯುವ ಕುತೂಹಲ ಸಹಜವೇ.

ಆ ಚರ್ಚು ಇರುವುದು ನಾರ್ವೆ ದೇಶದ ಪಶ್ಚಿಮ ಭಾಗದಲ್ಲಿ, ಲೇರ್ಡಾಲ್ ಕಣಿವೆಯ ಬೋರ್ಗುಂಡ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಅದರ ಪೈನ್ ಮರಗಳನ್ನು 1180ರ ಸುಮಾರಿಗೆ ಕಡಿದದ್ದೆಂದು ಮರದ ಉಂಗುರಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಇಂಥ ಕಟ್ಟಡಗಳಿಗೆ 'ಸ್ಟಾವ್' ಚರ್ಚು ಎಂದು ಹೆಸರು. ಸ್ಟಾವ್ ಎಂದರೆ ನೆಟ್ಟಗೆ ನಿಲ್ಲಿಸಿದ ಕಂಬ.

ಅಲ್ಲಿನ ಬಡಗಿಗಳು ಮೊದಮೊದಲು ಕಂಬಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಬುಡ ಕೊಳೆತು ಆ ಚರ್ಚುಗಳು ಉಳಿಯಲಿಲ್ಲ. ಆ ನಷ್ಟದಿಂದ ಅವರು ಪಾಠ ಕಲಿತರು. ಬೋರ್ಗುಂಡಿನಲ್ಲಿ ಮೊದಲು ಕಲ್ಲಿನ ಅಡಿಪಾಯ, ಅದರ ಮೇಲೆ ಒಂದನ್ನೊಂದು ಹಾಯ್ದ ದಪ್ಪ ಅಡಿತೊಲೆಗಳು, ತೊಲೆಗಳ ಮೇಲೆ ಕಂಬಗಳು. ಗೋಡೆಯ ಹಲಗೆಗಳೂ ತೊಲೆಯ ಸಂದಿನಲ್ಲಿ ನೆಟ್ಟಗೆ ಕೂತಿವೆ. ಯಾವ ಮರಕ್ಕೂ ಮಣ್ಣು ಸೋಕುವುದಿಲ್ಲ. ಕಂಬ ಕಂಬಗಳ ನಡುವೆ ಅಡ್ಡತೊಲೆ, ಓರೆಯಾಗಿ ಹಾಯ್ದ ಮರ, ಬಾಗಿದ ಆಸರೆ ಮರಗಳನ್ನು ಜೋಡಿಸಿರುವುದರಿಂದ ಗಾಳಿಗೆ ಚೌಕಟ್ಟು ಅಲುಗುವುದಿಲ್ಲ.

ಹೊರಗಿನಿಂದ ನೋಡಿದರೆ ಮಾಡಿನ ಮೇಲೆ ಮಾಡು ಏರಿ ನಿಂತಿದೆ. ಹೊದಿಕೆ ಮರದ ಬಿಲ್ಲೆಗಳದ್ದು. ಸುತ್ತಲೂ ಮಾಡಿನ ಜಗಲಿಯಿದ್ದು, ಒಳಗೋಡೆಗೆ ಇರಿಚಲು ತಾಗದಂತೆ ಕಾಯುತ್ತದೆ. ಮೇಲಿನ ಮಾಡಿನ ತುದಿಗಳಲ್ಲಿ ಬಾಯಿ ತೆರೆದ ಡ್ರ್ಯಾಗನ್ ತಲೆಗಳು, ಕೆಳಗಿನವುಗಳಲ್ಲಿ ಶಿಲುಬೆಗಳು. ಒಳಗೆ ಬೆಳಕು ಬಹಳ ಕಡಿಮೆ.

ಲೇರ್ಡಾಲ್ ಕಣಿವೆಯಲ್ಲಿ ಮಳೆ ಹೆಚ್ಚಿಲ್ಲ, ಅದೂ ನೆರವಾಗಿದೆ. ಆದರೆ ಮರವನ್ನು ಕಾದದ್ದು ಮುಖ್ಯವಾಗಿ ಟಾರೆಣ್ಣೆ. ಇದು ರಸ್ತೆಯ ಡಾಂಬರಲ್ಲ. ರಾಳ ತುಂಬಿದ ಪೈನ್ ಬೇರು, ಬೊಡ್ಡೆಗಳನ್ನು ಮುಚ್ಚಿ ನಿಧಾನವಾಗಿ ಸುಟ್ಟು ಇಳಿಸುವ ಕಪ್ಪು ದ್ರವ. ಇದನ್ನು ಬಿಸಿ ಮಾಡಿ ಬಳಿಯುತ್ತಾರೆ. ಒಮ್ಮೆ ಬಳಿದರೆ ಮುಗಿಯಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯಬೇಕು. ಬಿಸಿಲು ಬೀಳುವ ಬದಿ ಬೇಗ ಸವೆಯುತ್ತದೆ.

ಈ ಕೆಲಸ ಯಾರದು? ಅಂದಿನ ಪಶ್ಚಿಮ ನಾರ್ವೆಯ ಗುಲಾಟಿಂಗ್ ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಚರ್ಚಿನ ಮೂಲೆಗಂಬ ಬಿದ್ದರೆ ಅಲ್ಲಿನ ಜನರೇ 12 ತಿಂಗಳೊಳಗೆ ಮರ ತಂದು ಹಾಕಬೇಕು, ತಪ್ಪಿದರೆ ದಂಡ.

ಕೊನೆಗೆ ಅಪಾಯ ಬಂದದ್ದು ಮಳೆಯಿಂದಲ್ಲ, ಜನಸಂಖ್ಯೆಯಿಂದ. 1851ರ ಕಾನೂನು, ಚರ್ಚಿಗೆ ಸೇರಿದ ಜನರಲ್ಲಿ 10ಕ್ಕೆ 3 ಮಂದಿಗಾದರೂ ಸ್ಥಳ ಇರಬೇಕೆಂದಿತು. ಹಳೆಯ ಚರ್ಚುಗಳು ಚಿಕ್ಕವು, ಅನೇಕವನ್ನು ಕೆಡವಿದರು. ವಾಂಗ್ ಎಂಬಲ್ಲಿಯದು ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಪ್ರಷ್ಯದ ಅರಸನಿಗೆ ಮಾರಾಟವಾಗಿತ್ತು. ಅದು ಇಂದು ಪೋಲೆಂಡಿನ ಬೆಟ್ಟದ ಊರೊಂದರಲ್ಲಿದೆ. ಬೋರ್ಗುಂಡಿನಲ್ಲಿಯೂ 1868ರಲ್ಲಿ ಪಕ್ಕದಲ್ಲೇ ಹೊಸ ಚರ್ಚು ಎದ್ದಿತು. ಹಳೆಯದನ್ನು 1877ರಲ್ಲಿ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘವೊಂದು ಕೊಂಡುಕೊಂಡಿತು. ಸದಸ್ಯರು ಕೂಡಿ ನಡೆಸುವ ಆ ಸಂಘವೇ ಇಂದಿಗೂ ಅದರ ಒಡೆಯ.

ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚಿದ್ದವೆಂದು ಅಂದಾಜಿಸಲಾದ ಇಂಥ ಚರ್ಚುಗಳಲ್ಲಿ ನಾರ್ವೆಯಲ್ಲಿ ಈಗ ಉಳಿದಿರುವುದು 28 ಮಾತ್ರ. ಒಳ್ಳೆಯ ಮರ, ಒಣಗಿದ ಬುಡ, ತಪ್ಪದ ಆರೈಕೆ: ಈ ಮೂರರಲ್ಲಿ ಮೊದಲ ಎರಡನ್ನು ಒಬ್ಬ ಬಡಗಿ ಒದಗಿಸಬಲ್ಲ. ಮೂರನೆಯದಕ್ಕೆ ತಲೆತಲಾಂತರದ ಜನ ಬೇಕು.