ಫಲಕದಲ್ಲಿ ಬರೆಯಲಾಗದ ಸಾಧನೆ: ಕೊಪ್ಪಳ ಜಿಲ್ಲೆಯಲ್ಲಿ ಅಪಘಾತ ಪರಿಹಾರದ ವಕೀಲಿಕೆ

ಕೊಪ್ಪಳ: ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಪಟ್ಟಣಗಳ ನ್ಯಾಯಾಲಯಗಳ ಆಸುಪಾಸಿನಲ್ಲಿ ವಕೀಲರ ಕಚೇರಿಗಳಿಗೆ ಕೊರತೆಯಿಲ್ಲ. ಒಬ್ಬರು ಹಿರಿಯ ವಕೀಲರು, ಒಬ್ಬಿಬ್ಬರು ಕಿರಿಯರು, ಒಬ್ಬ ಗುಮಾಸ್ತ, ಗೋಡೆಗೆ ಒರಗಿದ ಕಡತಗಳ ಕಪಾಟು. ಬಹುತೇಕ ಕಚೇರಿಗಳ ಬಂಡವಾಳ ಇಷ್ಟೇ. ರಸ್ತೆ ಅಪಘಾತದಲ್ಲಿ ಗಾಯಗೊಂಡವರು, ಮನೆಯ ದುಡಿಯುವ ಜೀವವನ್ನು ಕಳೆದುಕೊಂಡವರು ಬಂದು ಕೂರುವುದು ಇಂತಹ ಕಚೇರಿಗಳ ಬೆಂಚಿನ ಮೇಲೆಯೇ. ಆದರೆ 'ಇಷ್ಟು ಪ್ರಕರಣ ಗೆದ್ದಿದ್ದೇವೆ, ಇಷ್ಟು ಕೋಟಿ ಪರಿಹಾರ ಕೊಡಿಸಿದ್ದೇವೆ' ಎಂಬ ಬರಹಕ್ಕೆ ಅವುಗಳ ಬಾಗಿಲಿನಲ್ಲಿ ಜಾಗವಿಲ್ಲ.

ಇದಕ್ಕೆ ಕಾರಣ ವಕೀಲರ ವಿನಯವಲ್ಲ, ನಿಯಮ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮವು ವಕೀಲರು ನೇರವಾಗಿಯಾಗಲೀ ಮಧ್ಯವರ್ತಿಗಳ ಮೂಲಕವಾಗಲೀ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ನಾಮಫಲಕವು ಮಿತವಾದ ಅಳತೆಯಲ್ಲಿರಬೇಕು. 'ಅಪಘಾತ ಪ್ರಕರಣಗಳ ತಜ್ಞ' ಎಂದು ಅದರ ಮೇಲೆ ಬರೆಯುವುದಕ್ಕೂ ಅವಕಾಶವಿಲ್ಲ. 2008ರಲ್ಲಿ ನಿಯಮವನ್ನು ತುಸು ಸಡಿಲಿಸಿ, ಹೆಸರು, ವಿಳಾಸ, ವಿದ್ಯಾರ್ಹತೆಯಂತಹ ವಿವರಗಳನ್ನು ಅಂತರ್ಜಾಲ ತಾಣದಲ್ಲಿ ಪ್ರಕಟಿಸಲು ಅನುಮತಿ ನೀಡಲಾಯಿತು, ಅಷ್ಟೆ. ಅಮೆರಿಕದಲ್ಲಿ 1977ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಕೀಲರ ಜಾಹೀರಾತಿಗೆ ದಾರಿ ತೆರೆಯಿತು. ಗಾಯಾಳುಗಳ ಪರ ವಾದಿಸುವ ಸಂಸ್ಥೆಗಳ ದೊಡ್ಡ ಫಲಕಗಳು ಅಲ್ಲಿನ ಹೆದ್ದಾರಿಗಳಲ್ಲಿ ಸಾಮಾನ್ಯ ದೃಶ್ಯ.

ಹಾಗಿದ್ದರೆ ನಮ್ಮ ಊರಿನ ಕಚೇರಿಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಪರಿಹಾರದ ಲೆಕ್ಕವನ್ನು ತುಸು ಬಿಡಿಸಿ ನೋಡಿದರೆ ಉತ್ತರ ದೊರೆಯುತ್ತದೆ.

ರಾಯಚೂರಿನಿಂದ ಧಾರವಾಡದವರೆಗೆ

ಈ ಭಾಗದಲ್ಲಿ ಮೂರು ದಶಕ ವಕೀಲಿಕೆ ನಡೆಸಿದ ಯಾವುದೇ ಕಚೇರಿಯ ಮೈಲಿಗಲ್ಲುಗಳು ನ್ಯಾಯಾಲಯ ಹತ್ತಿರವಾದ ಕಥೆಯೂ ಹೌದು. 1988ರ ಮೋಟಾರು ವಾಹನ ಕಾಯ್ದೆಯು 1989ರ ಜುಲೈ 1ರಂದು ಜಾರಿಗೆ ಬಂದಾಗ ಕೊಪ್ಪಳವು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಸೇರಿಸಿ ಪ್ರತ್ಯೇಕ ಜಿಲ್ಲೆ ರಚನೆಯಾಯಿತು. ಈಗ ಈ ನಾಲ್ಕೂ ಊರುಗಳಲ್ಲಿ ಅಪಘಾತ ಪರಿಹಾರ ನ್ಯಾಯಮಂಡಳಿಯ ಕಲಾಪ ನಡೆಯುತ್ತದೆ. ನ್ಯಾಯಮಂಡಳಿ ಎಂದರೆ ಬೇರೆ ಕಟ್ಟಡವಲ್ಲ. ಅಲ್ಲಿನ ನ್ಯಾಯಾಧೀಶರೇ ಅದರ ಅಧಿಕಾರಿ.

ಮೇಲ್ಮನವಿಯ ದಾರಿ ಇನ್ನೂ ದೀರ್ಘವಾಗಿತ್ತು. 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಸಂಚಾರಿ ಪೀಠ ಆರಂಭವಾಗುವವರೆಗೆ ಕೊಪ್ಪಳದ ಕಕ್ಷಿದಾರರು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕಿತ್ತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಕಲ್ಯಾಣ ಕರ್ನಾಟಕದ ಜಿಲ್ಲೆಯಾದರೂ ಕೊಪ್ಪಳವು ಕಲಬುರಗಿ ಪೀಠಕ್ಕೆ ಬದಲಾಗಿ ಧಾರವಾಡ ಪೀಠದ ವ್ಯಾಪ್ತಿಯಲ್ಲಿರುವುದು ಹೊರಗಿನವರಿಗೆ ಇಂದಿಗೂ ಗೊಂದಲದ ಸಂಗತಿ.

ಸೂತ್ರ ಒಂದೇ, ಮೊತ್ತ ಬೇರೆ

ಪರಿಹಾರದ ಮೊತ್ತವು ವಕೀಲರ ವಾಗ್ಝರಿಯನ್ನು ಅವಲಂಬಿಸಿದೆ ಎಂಬ ನಂಬಿಕೆ ಜನರಲ್ಲಿದೆ. ವಾಸ್ತವವಾಗಿ ಲೆಕ್ಕದ ಸೂತ್ರವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಹಾಗೂ 2017ರ ಪ್ರಣಯ್ ಸೇಥಿ ಪ್ರಕರಣಗಳಲ್ಲಿ ಬಹುಮಟ್ಟಿಗೆ ನಿಗದಿ ಮಾಡಿದೆ.

ಯಲಬುರ್ಗಾ ತಾಲ್ಲೂಕಿನ 32 ವರ್ಷದ ಗೌಂಡಿಯೊಬ್ಬ ಅಪಘಾತದಲ್ಲಿ ಮೃತಪಟ್ಟನೆಂದು ಭಾವಿಸೋಣ. ಪತ್ನಿ, ಇಬ್ಬರು ಮಕ್ಕಳು ಮತ್ತು ತಾಯಿ ಅವನ ಅವಲಂಬಿತರು. ತಿಂಗಳ ದುಡಿಮೆ 12,000 ರೂಪಾಯಿ ಎಂದು ಸಾಬೀತಾದರೆ, 40 ವರ್ಷದೊಳಗಿನ ಸ್ವಂತ ದುಡಿಮೆಗಾರನಾದ್ದರಿಂದ ಭವಿಷ್ಯದ ಆದಾಯ ವೃದ್ಧಿಗಾಗಿ ಶೇ 40 ಸೇರಿಸಿ 16,800 ರೂಪಾಯಿ. ಅವಲಂಬಿತರು ನಾಲ್ವರಿರುವುದರಿಂದ ಅವನ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ 12,600. ವರ್ಷಕ್ಕೆ 1,51,200. 31ರಿಂದ 35 ವರ್ಷದವರಿಗೆ ಗುಣಕ 16. ಒಟ್ಟು 24,19,200 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ, ಆಸ್ತಿ ನಷ್ಟ, ಸಾಂಗತ್ಯ ನಷ್ಟದ ಬಾಬ್ತುಗಳು ಹಾಗೂ ಬಡ್ಡಿ.

ಸೂತ್ರ ಎಲ್ಲರಿಗೂ ಒಂದೇ. ಆದರೆ ಇದೇ ಪ್ರಕರಣದಲ್ಲಿ ತಿಂಗಳ ಆದಾಯವನ್ನು 1,000 ರೂಪಾಯಿ ಕಡಿಮೆ ಹಿಡಿದರೆ ಪರಿಹಾರದಲ್ಲಿ 2,01,600 ರೂಪಾಯಿ ಕೈತಪ್ಪುತ್ತದೆ. ಕೂಲಿಗೆ ರಸೀದಿ ಕೊಡುವವರು ಯಾರು? ಅಕ್ಕಿ ಗಿರಣಿಯ ಬಟವಾಡೆ ಪುಸ್ತಕ, ಎಪಿಎಂಸಿಯ ಹಮಾಲಿ ಪರವಾನಗಿ, ಪಹಣಿ, ಸ್ವಸಹಾಯ ಸಂಘದ ಸಾಲದ ಕಂತಿನ ಪಾಸ್‌ಬುಕ್, ಮೇಸ್ತ್ರಿ ಮೊಬೈಲ್ ಮೂಲಕ ಹಾಕಿದ ವಾರದ ಸಂಬಳದ ದಾಖಲೆ ಇವುಗಳನ್ನೆಲ್ಲ ಹುಡುಕಿ ತರಿಸುವುದೇ ಈ ವಕೀಲಿಕೆಯ ಅರ್ಧ ಕೆಲಸ. ಏನೂ ಸಿಗದಿದ್ದರೆ ನ್ಯಾಯಮಂಡಳಿಯು ಅಂದಾಜು ಆದಾಯವನ್ನು ಹಿಡಿಯುತ್ತದೆ. ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿಯ ದುಡಿಮೆಗೂ ಹೀಗೆ ಅಂದಾಜು ಆದಾಯ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಕೀರ್ತಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 'ಆಕೆ ಏನೂ ಗಳಿಸುತ್ತಿರಲಿಲ್ಲ' ಎಂದು ಮನೆಯವರೇ ಹೇಳಿಬಿಡುವ ರೂಢಿ ನಮ್ಮಲ್ಲಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಗಾಯಾಳುಗಳ ವಿಷಯ ಇನ್ನೂ ಸೂಕ್ಷ್ಮ. ಗಂಗಾವತಿಯ 38 ವರ್ಷದ ಹಮಾಲನ ಕಾಲು ಮುರಿದು, ಆ ಕಾಲಿನ ಅಂಗವೈಕಲ್ಯ ಶೇ 40 ಎಂದು ವೈದ್ಯರು ಬರೆದುಕೊಟ್ಟರೆಂದುಕೊಳ್ಳಿ. ಅದರ ಮೂರನೇ ಒಂದು ಭಾಗವನ್ನಷ್ಟೇ ಇಡೀ ದೇಹಕ್ಕೆ ಲೆಕ್ಕ ಹಿಡಿಯುವ ವಾಡಿಕೆಯಂತೆ ಅದು ಶೇ 13 ಆಗುತ್ತದೆ. 12,000 ರೂಪಾಯಿ ಆದಾಯ, ಗುಣಕ 15 ಎಂದರೆ 2,80,800 ರೂಪಾಯಿ. ಆದರೆ ಮೂಟೆ ಹೊರುವವನಿಗೆ ಕಾಲೇ ಕಸುಬು. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಎಡಗೈ ಕಳೆದುಕೊಂಡ ಚಾಲಕನ ಅಥವಾ ಬಡಗಿಯ ಗಳಿಕೆ ಪೂರ್ತಿ ನಿಂತುಹೋಗಬಹುದು, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು, ನೋಡಬೇಕಾದದ್ದು ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದನ್ನು. ಇದನ್ನು ಮನಗಾಣಿಸಿ ದುಡಿಮೆಯ ನಷ್ಟವನ್ನು ಶೇ 40ಕ್ಕೆ ಒಪ್ಪಿಸಿದರೆ ಅದೇ ಮೊತ್ತ 8,64,000 ರೂಪಾಯಿಗೆ ಏರುತ್ತದೆ. ಅದಕ್ಕೆ ವೈದ್ಯರನ್ನು ಸಾಕ್ಷಿಯಾಗಿ ಕರೆಸಬೇಕು, ವಿಮಾ ಕಂಪನಿಯ ವಕೀಲರ ಪಾಟಿ ಸವಾಲಿಗೆ ಅವರು ನಿಲ್ಲಬೇಕು. ಚಿಕಿತ್ಸೆ ನಡೆದದ್ದು ಹುಬ್ಬಳ್ಳಿ ಅಥವಾ ಬಳ್ಳಾರಿಯಲ್ಲಾದರೆ ವೈದ್ಯರನ್ನು ಇಲ್ಲಿಗೆ ಬರಮಾಡಿಕೊಳ್ಳುವುದೇ ಒಂದು ಸಾಹಸ.

ಐದು ಲಕ್ಷದ ಆಸೆ

2019ರ ತಿದ್ದುಪಡಿಯ ಪರಿಹಾರ ಸಂಬಂಧಿ ನಿಯಮಗಳು 2022ರ ಏಪ್ರಿಲ್ 1ರಂದು ಜಾರಿಗೆ ಬಂದವು. ಹೊಸ 164ನೇ ಕಲಮಿನ ಪ್ರಕಾರ, ತಪ್ಪು ಯಾರದೆಂದು ಸಾಬೀತುಪಡಿಸದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುತ್ತದೆ. ಮೃತನದೇ ತಪ್ಪಿದ್ದ ಪ್ರಕರಣಗಳಲ್ಲಿ ಇದು ವರವೇ ಸರಿ. ಆದರೆ ಈ ಹಣವನ್ನು ವಿಮಾ ಕಂಪನಿಯಿಂದ ಒಪ್ಪಿಕೊಂಡರೆ 166ನೇ ಕಲಮಿನ ಅರ್ಜಿ ಬಿದ್ದುಹೋಗುತ್ತದೆ. ಮೇಲಿನ ಗೌಂಡಿಯ ಕುಟುಂಬವು ದುಃಖದ ನಡುವೆ, ಸಾಲಗಾರರ ಒತ್ತಾಯದ ನಡುವೆ 5 ಲಕ್ಷಕ್ಕೆ ಸಹಿ ಮಾಡಿದರೆ 24 ಲಕ್ಷದ ಬಾಗಿಲು ಮುಚ್ಚಿದಂತೆ. ಸಹಿ ಮಾಡುವ ಮುನ್ನ ಒಬ್ಬ ವಕೀಲರಿಗೆ ಕಾಗದ ತೋರಿಸಬೇಕೆಂಬುದು ಇದಕ್ಕೇ.

ಅವಧಿಯ ಪ್ರಶ್ನೆಯೂ ಇದೆ. 1994ರಲ್ಲಿ ತೆಗೆದುಹಾಕಲಾಗಿದ್ದ ಆರು ತಿಂಗಳ ಗಡುವು ಇದೇ ತಿದ್ದುಪಡಿಯಲ್ಲಿ ಮರಳಿ ಬಂತು. ಅದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕಾಲ ಕಳೆಯುವುದು ಜಾಣತನವಲ್ಲ.

ಗುಳೆ ಹೋಗುವವರಿಗೆ ತಿಳಿದಿರಲೇಬೇಕಾದ ಮಾತೊಂದಿದೆ. ಕುಷ್ಟಗಿ, ಯಲಬುರ್ಗಾ ಭಾಗದಿಂದ ಮಂಗಳೂರು, ಗೋವಾ, ಬೆಂಗಳೂರಿಗೆ ದುಡಿಯಲು ಹೋದವರು ಅಲ್ಲಿ ಅಪಘಾತಕ್ಕೀಡಾದರೆ, ಪರಿಹಾರಕ್ಕಾಗಿ ಅಲ್ಲಿಯೇ ಅಲೆಯಬೇಕಿಲ್ಲ. ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಅರ್ಜಿ ಸಲ್ಲಿಸಬಹುದು. ಪೊಲೀಸ್ ದಾಖಲೆಗಳನ್ನು ಮಾತ್ರ ಅಪಘಾತ ನಡೆದ ಊರಿನಿಂದ ತರಿಸಿಕೊಳ್ಳಬೇಕು.

ಟ್ರ್ಯಾಕ್ಟರ್ ಟ್ರೇಲರಿನ ಕಹಿ ಸತ್ಯ

ಈ ಜಿಲ್ಲೆಯಲ್ಲಿ ಮದುವೆಗೆ, ಗವಿಮಠದ ಜಾತ್ರೆಗೆ, ಹುಲಿಗೆಮ್ಮನ ದರ್ಶನಕ್ಕೆ ಟ್ರ್ಯಾಕ್ಟರಿನಲ್ಲಿ, ಗೂಡ್ಸ್ ವಾಹನದಲ್ಲಿ ಹೋಗುವುದು ಹೊಸತಲ್ಲ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಆಗ ಪರಿಹಾರದ ಭಾರ ವಾಹನದ ಮಾಲೀಕನ ಮೇಲೆ ಬೀಳುತ್ತದೆ. ಮಾಲೀಕ ಅದೇ ಊರಿನವನು, ಬಹಳ ಸಲ ನೆಂಟನೇ. ಅವನ ಎರಡು ಎಕರೆ ಹೊಲದಿಂದ ಪರಿಹಾರ ವಸೂಲು ಮಾಡುವುದೆಂದರೆ ಒಂದು ಮನೆಯ ಕಣ್ಣೀರನ್ನು ಇನ್ನೊಂದು ಮನೆಗೆ ಸಾಗಿಸಿದಂತೆ. ಮೊದಲು ಕಂಪನಿಯೇ ಹಣ ನೀಡಿ ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶಗಳು ಕೆಲವೊಮ್ಮೆ ಬರುವುದುಂಟು. ಎಲ್ಲ ಪ್ರಕರಣಗಳಲ್ಲೂ ಅದನ್ನು ನಿರೀಕ್ಷಿಸುವಂತಿಲ್ಲ.

ಸಾರಿಗೆ ನಿಗಮದ ಬಸ್ಸುಗಳ ಕತೆ ಬೇರೆ. ಅಲ್ಲಿ ಪರಿಹಾರ ಕೊಡಬೇಕಾದದ್ದು ನಿಗಮವೇ. ಹಣ ಬಾರದಿದ್ದಾಗ ನ್ಯಾಯಾಲಯದ ಅಮೀನರು ಬಸ್ ನಿಲ್ದಾಣಕ್ಕೇ ಬಂದು ಬಸ್ ಜಪ್ತಿ ಮಾಡುವ ಸುದ್ದಿಗಳನ್ನು ಓದುಗರು ಓದಿಯೇ ಇರುತ್ತಾರೆ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ನ್ಯಾಯಮಂಡಳಿಯ ಬದಲು ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿಯ ಬಳಿ ಅರ್ಜಿ ಸಲ್ಲಿಸಬೇಕು. 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ.

ಶೇಕಡಾವಾರು ವ್ಯಾಪಾರ

ಇಷ್ಟೆಲ್ಲ ನಡೆದು ಬಂದ ಹಣದಲ್ಲಿ ಕುಟುಂಬಕ್ಕೆ ಸೇರುವುದೆಷ್ಟು? ಪರಿಹಾರದಲ್ಲಿ ಪಾಲು ಕೇಳುವುದನ್ನು, ಗೆದ್ದರೆ ಮಾತ್ರ ಇಂತಿಷ್ಟು ಶುಲ್ಕ ಎಂದು ಒಪ್ಪಂದ ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ 20ನೇ ನಿಯಮ ನಿಷೇಧಿಸಿದೆ. ಅಮೆರಿಕದಲ್ಲಿ ಇದೇ ಪದ್ಧತಿ ಕಾನೂನುಬದ್ಧ, ಇಲ್ಲಿ ವೃತ್ತಿದ್ರೋಹ. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಮುಂಗಡ ಶುಲ್ಕ ಕೊಡಲಾಗದ ಕುಟುಂಬವು 'ಬಂದಾಗ ಕೊಡಿ' ಎನ್ನುವವರನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದನ್ನು ನಿಯಮ ಮಾಡಿದವರು ಯೋಚಿಸಿದಂತಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಕುಟುಂಬವನ್ನು ಹಿಡಿಯುವ ದಲ್ಲಾಳಿಗೆ ಈ ಬಿರುಕೇ ದಾರಿ. ದಲ್ಲಾಳಿಗಳ ಪಟ್ಟಿ ಸಿದ್ಧಪಡಿಸಿ ಅವರನ್ನು ನ್ಯಾಯಾಲಯದ ಆವರಣದಿಂದ ಹೊರಗಿಡುವ ಅಧಿಕಾರವನ್ನು 2023ರ ವಕೀಲರ ತಿದ್ದುಪಡಿ ಕಾಯ್ದೆಯು ನ್ಯಾಯಾಧೀಶರಿಗೆ ನೀಡಿದೆ. ಸುಳ್ಳು ಪ್ರಕರಣಗಳ ಪಿಡುಗಿನಲ್ಲೂ ಇಂತಹ ಜಾಲದ ಪಾತ್ರವಿರುತ್ತದೆ: ವಿಮೆಯಿಲ್ಲದ ವಾಹನದ ಜಾಗದಲ್ಲಿ ವಿಮೆಯಿರುವ ವಾಹನವನ್ನು ತೋರಿಸುವುದು ಅದರ ಒಂದು ಬಗೆ. ಸಿಕ್ಕಿಬಿದ್ದರೆ ಅರ್ಜಿದಾರನೇ ಆರೋಪಿಯಾಗುತ್ತಾನೆ.

ಶುಲ್ಕ ಕೊಡಲಾಗದವರಿಗೆ ನ್ಯಾಯಸಮ್ಮತ ದಾರಿಯೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕಾರ್ಖಾನೆ ಕಾರ್ಮಿಕರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಗಂಡನನ್ನು ಕಳೆದುಕೊಂಡ ಪತ್ನಿ, ತಂದೆಯನ್ನು ಕಳೆದುಕೊಂಡ ಮಕ್ಕಳು ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಜಿಲ್ಲಾ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ ಸಾಕು. ವಕೀಲರ ಸಂಘಗಳು ಸಮಿತಿಗಳ ಜೊತೆ ಸೇರಿ ಹಳ್ಳಿಗಳಲ್ಲಿ ನಡೆಸುವ ಕಾನೂನು ಅರಿವು ಶಿಬಿರಗಳು ಸಣ್ಣ ಕಚೇರಿಗಳ ಸಮಾಜಸೇವೆಯ ಕಣ್ಣಿಗೆ ಕಾಣುವ ರೂಪ. ಇಂತಹ ಶಿಬಿರಗಳಲ್ಲಿ ಭಾಷಣಕ್ಕಿಂತ, ಅಪಘಾತವಾದ ಕೂಡಲೇ ಮಾಡಬೇಕಾದದ್ದನ್ನು ತಿಳಿಸಿದರೆ ಹೆಚ್ಚು ಉಪಯುಕ್ತ: ಠಾಣೆಯಲ್ಲಿ ರಾಜಿ ಮಾಡಿಕೊಳ್ಳದೆ ದೂರು ದಾಖಲಿಸುವುದು, ಗಾಯದ ಪ್ರಮಾಣಪತ್ರದಲ್ಲಿ ಪ್ರತಿಯೊಂದು ಗಾಯವೂ ನಮೂದಾಗಿರುವಂತೆ ನೋಡಿಕೊಳ್ಳುವುದು, ಔಷಧಿ ಅಂಗಡಿಯ ಚೀಟಿಯನ್ನೂ ಎಸೆಯದಿರುವುದು.

ಲೋಕ ಅದಾಲತ್ ಬಗ್ಗೆಯೂ ಎರಡು ಮಾತು. ಅಲ್ಲಿ ಪ್ರಕರಣ ಬೇಗ ಮುಗಿಯುತ್ತದೆ, ಆದರೆ ಅಲ್ಲಿನ ಆದೇಶಕ್ಕೆ ಮೇಲ್ಮನವಿ ಇಲ್ಲ. ಹಾಗಾಗಿ ಮೇಲಿನ ಲೆಕ್ಕವನ್ನು ಮೊದಲೇ ಹಾಕಿಕೊಂಡು ಹೋಗುವ ಕಕ್ಷಿದಾರನಿಗೆ ಅದು ಲಾಭ.

ತೀರ್ಪು ಬಂದ ಮೇಲೂ ಕಚೇರಿಯ ಕೆಲಸ ಮುಗಿಯುವುದಿಲ್ಲ. ಪರಿಹಾರದ ಹಣ ನೇರವಾಗಿ ಕಕ್ಷಿದಾರರ ಬ್ಯಾಂಕ್ ಖಾತೆಗೆ ಜಮೆಯಾಗುವಂತೆ ನೋಡಿಕೊಳ್ಳಲು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಸೂಚಿಸಿತು. ಅಪ್ರಾಪ್ತ ಮಕ್ಕಳ ಪಾಲನ್ನು ಅವರಿಗೆ 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಲಾಗುತ್ತದೆ. ನಡುವೆ ಕಾಲೇಜಿನ ಶುಲ್ಕಕ್ಕೋ ಆಸ್ಪತ್ರೆ ಖರ್ಚಿಗೋ ಹಣ ಬೇಕಾದರೆ ತಾಯಿಯು ಹಳೆಯ ಪ್ರಕರಣದ ಸಂಖ್ಯೆ ಹಿಡಿದು ಅದೇ ನ್ಯಾಯಮಂಡಳಿಗೆ ಮತ್ತೆ ಅರ್ಜಿ ಹಾಕಬೇಕು. ಅದಕ್ಕಾಗಿ ಹತ್ತು ವರ್ಷದ ಹಿಂದಿನ ಕಡತವನ್ನು ಗುಮಾಸ್ತ ಕಪಾಟಿನಿಂದ ಇಳಿಸಿ ಕೊಡಬೇಕಾಗುತ್ತದೆ.